ಮುಂದಿನ ಎರಡು ಚಕ್ರಗಳ ಪರವಾಗಿ

ನ್ಯೂಜೆರ್ಸಿಯ ಪಾರ್ಸಿಪನಿಯ ಗುಡ್ಡದ ಮೇಲಿನ ನಮ್ಮ ವಸತಿ ಸಮುಚ್ಚಯದ ಮ್ಯಾನೇಜರ್ ಸಾಹೇಬರಿಗೆ,

ಮಾನ್ಯರೇ,

ಹಿಮ ಬಿದ್ದ ದಿನ ಬೆಳಿಗ್ಗೆ ನನ್ನ ಗಂಡ ಯಾರ ಕಾರಿನಲ್ಲಿ ಕೂತು ಆಫೀಸಿಗೆ ಹೋಗಬೇಕು ಎಂದು ತೀರ್ಮಾನಿಸುವ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು? ನಮ್ಮ ಮದುವೆಯ ಮಂಟಪದಲ್ಲಿ ನೀವು ಇರಲಿಲ್ಲ. ನಮ್ಮ ಬಾಡಿಗೆ ಕರಾರಿನಲ್ಲೂ ಅಂಥ ಮಾತಿಲ್ಲ, ನಾನು ಕೂತು ಓದಿದ್ದೇನೆ. ಆದರೂ ಕಳೆದ ಡಿಸೆಂಬರಿನಲ್ಲಿ ನೀವು ಲಾಂಡ್ರಿ ಕೋಣೆಯ ಬಾಗಿಲಿಗೆ ಒಂದು ನೋಟೀಸು ಅಂಟಿಸಿದಿರಿ. ಹಿಮ ಬೀಳುವ ದಿನ ಮತ್ತು ಅದರ ಮರುದಿನ ಗುಡ್ಡದ ರಸ್ತೆಯಲ್ಲಿ ಆಲ್ ವೀಲ್ ಡ್ರೈವ್ ಕಾರುಗಳು, ಅಂದರೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಕಾರುಗಳು ಮಾತ್ರ ಓಡಾಡತಕ್ಕದ್ದು; ಉಳಿದವು ಗುಡ್ಡದ ಬುಡದ ಪಾರ್ಕಿಂಗಿನಲ್ಲಿ ಬಿದ್ದಿರತಕ್ಕದ್ದು. ನಮ್ಮದು ಮುಂದಿನ ಎರಡೇ ಚಕ್ರಗಳು ಎಳೆಯುವ ಪುಟ್ಟ ಕಾರು. ಅದಕ್ಕೆ ನಾಲ್ಕು ಹೊಚ್ಚ ಹೊಸ ಸ್ನೋ ಟೈರ್ ಹಾಕಿಸಿದ್ದೇವೆ. ಆ ಟೈರುಗಳ ಬಗ್ಗೆ ನಿಮ್ಮ ನೋಟೀಸಿನಲ್ಲಿ ಒಂದಕ್ಷರವೂ ಇಲ್ಲ. ಹೀಗಾಗಿ ಈ ಚಳಿಗಾಲದ ಪ್ರತಿಯೊಂದು ಬಿಳಿ ಬೆಳಗಿನಲ್ಲೂ ನನ್ನ ಗಂಡ ಪಕ್ಕದ ಮನೆಯ ತಾರಿಣಿಯವರ ಕಾರಿನ ಬಿಸಿ ಸೀಟಿನಲ್ಲಿ ಕೂತು ಹೋದರು, ನಾನು ಕಿಟಕಿಯಲ್ಲಿ ನಿಂತು ನೋಡಿದೆ. ನನ್ನ ದೂರು ಇಷ್ಟೇ. ಆದರೆ ಇಷ್ಟಕ್ಕೇ ಮುಗಿಸುವ ಉದ್ದೇಶ ನನಗಿಲ್ಲ.

ಈ ಪತ್ರವನ್ನು ಕನ್ನಡದಲ್ಲಿ, ಅದೂ ನಮ್ಮ ಕನ್ನಡ ಕೂಟದ ಯುಗಾದಿ ಸಂಚಿಕೆಯಲ್ಲಿ ಏಕೆ ಬರೆಯುತ್ತಿದ್ದೇನೆ ಎಂದು ನೀವು ಕೇಳಬಹುದು. ಕೇಳಲಾರಿರಿ ಅನ್ನಿ, ನಿಮಗೆ ಕನ್ನಡ ಬರುವುದಿಲ್ಲ. ಇಂಗ್ಲಿಷಿನಲ್ಲಿ ಮೇಲ್ ಮೇಲೆ ಮೇಲ್ ಬರೆದು ನೋಡಿದ್ದಾಯಿತು. ಎಲ್ಲಕ್ಕೂ ಒಂದೇ ಉತ್ತರ: ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ, ನಿಮ್ಮ ಸುರಕ್ಷತೆಯೇ ನಮ್ಮ ಆದ್ಯತೆ. ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಅಲ್ಲಿ ನನಗೆ ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಹೇಳುವುದು, ಸಾರಿ ಕೇಳುವುದು, ರಜೆಯ ಅರ್ಜಿ ಬರೆಯುವುದು ಕಲಿಸಿದರು. ಜಗಳವಾಡುವುದನ್ನು ಕಲಿಸಲಿಲ್ಲ. ಅದನ್ನು ಕಲಿತದ್ದು ಮನೆಯಲ್ಲಿ, ತಮ್ಮನ ಜೊತೆ, ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ನಾನು ಎಷ್ಟೇ ಕೋಪದಲ್ಲಿ ಬರೆದರೂ ಕೊನೆಗೆ ಅದು ರಜೆಯ ಅರ್ಜಿಯ ಹಾಗೇ ಕಾಣುತ್ತದೆ. ಜೊತೆಗೆ, ನಿಮ್ಮ ಗುಡ್ಡದ ಮೇಲಿನ ಬ್ಲಾಕಿನಲ್ಲಿ ಈ ಸಂಚಿಕೆ ಬರುವ ಮನೆಗಳು ಸಾಕಷ್ಟಿವೆ. ಅವರಲ್ಲಿ ಒಬ್ಬರಾದರೂ ಟಪಾಲು ಪೆಟ್ಟಿಗೆಗಳ ಹತ್ತಿರ ನಿಮ್ಮನ್ನು ತಡೆದು ಇದರ ಸಾರಾಂಶ ಹೇಳಿಯೇ ಹೇಳುತ್ತಾರೆ. ಹೇಳುವಾಗ ಸ್ವಲ್ಪ ಸೇರಿಸಿ ಹೇಳಲಿ ಎಂದು ಅವರಲ್ಲಿ ನನ್ನ ಕೋರಿಕೆ.

ನನ್ನ ಹೆಸರು ಗಗನಾ. ಹೋದ ಬೇಸಿಗೆಯಲ್ಲಿ ಮದುವೆಯಾದೆ, ಎಲೆಗಳು ಬಣ್ಣ ತಿರುಗುವ ಹೊತ್ತಿಗೆ ಇಲ್ಲಿಗೆ ಬಂದೆ. ಗಂಡನ ಹೆಸರು ನವನೀತ್. ಮನೆಯಲ್ಲಿ ನಾವಿಬ್ಬರೂ ಪರಸ್ಪರ 'ನೀನು' ಎನ್ನುತ್ತೇವೆ. ಈ ಸಂಚಿಕೆ ಮೈಸೂರಿಗೂ ಹೋಗುತ್ತದೆ, ಅಮ್ಮ ಓದುತ್ತಾಳೆ, ಅದಕ್ಕೇ ಇಲ್ಲಿ 'ಅವರು'. ನವನೀತ್ ಅವರ ಬಗ್ಗೆ ಬರೆಯಲು ಹೊರಟರೆ ಕೂಟದ ಸಂಪಾದಕರು ನನಗೆ ಕೊಟ್ಟಿರುವ ಪುಟಗಳು ಸಾಲುವುದಿಲ್ಲ. ಕಾಫಿ ಸೋಸುವಾಗ ಅವರು ಉಸಿರು ಬಿಗಿ ಹಿಡಿಯುತ್ತಾರೆ, ಒಂದು ತೊಟ್ಟು ಹೊರಗೆ ಚೆಲ್ಲಿದರೂ ಏನೋ ಅನಾಹುತವಾಗುತ್ತದೆ ಎನ್ನುವ ಹಾಗೆ. ಕಾರಿನ ಗಾಜಿನ ಮೇಲಿನ ಹಿಮ ಕೆರೆಯುವಾಗ ಮೊದಲು ನಾನು ಕೂರುವ ಕಡೆಯ ಗಾಜನ್ನು ಕೆರೆಯುತ್ತಾರೆ. ಹಾಗೆ ಮಾಡುವುದು ತಮಗೇ ಗೊತ್ತಿಲ್ಲ ಎನ್ನುತ್ತಾರೆ. ಇಂಥ ಮನುಷ್ಯನನ್ನು ನೀವು ಹಿಮದ ದಿನ ಬೇರೆಯವರ ಕಾರಿಗೆ ಹತ್ತಿಸಿದಿರಿ ಎನ್ನುವುದನ್ನು ಓದುಗರು ನೆನಪಿಡಬೇಕು.

ಆ ಕಾರಿನ ಬೆಳಗುಗಳು ನಮಗೇಕೆ ಮುಖ್ಯ ಎಂದು ನಿಮಗೆ ತಿಳಿಸಬೇಕು. ನನ್ನ ಕೆಲಸದ ಪರವಾನಗಿ ಇನ್ನೂ ಬಂದಿಲ್ಲ, ಆದ್ದರಿಂದ ಸಮೀಪದ ಕಾಲೇಜಿನಲ್ಲಿ ಒಂದು ಕೋರ್ಸಿಗೆ ಹೋಗುತ್ತೇನೆ. ನವನೀತ್ ಅವರ ಆಫೀಸು ಅದೇ ದಾರಿಯಲ್ಲಿ ಇನ್ನೂ ಮುಂದೆ. ಅವರು ಸಂಜೆ ಮನೆಗೆ ಬಂದರೂ ಆಫೀಸು ಅವರನ್ನು ಬಿಡುವುದಿಲ್ಲ. ಬೆಂಗಳೂರಿನ ತಂಡ ಏಳುವ ಹೊತ್ತಿಗೆ ಇವರ ಲ್ಯಾಪ್‌ಟಾಪ್ ಮತ್ತೆ ತೆರೆಯುತ್ತದೆ. ಶನಿವಾರ, ಭಾನುವಾರ ಯಾರಾದರೂ ಅಂಕಲ್ ಆಂಟಿ ಹೊಸ ಜೋಡಿಯನ್ನು ಊಟಕ್ಕೆ ಕರೆದಿರುತ್ತಾರೆ. ಹೀಗಾಗಿ ನಾವಿಬ್ಬರೇ ಇರುವುದು, ಮೊಬೈಲಿನ ಕಡೆ ನೋಡದೆ ಮಾತಾಡುವುದು, ಮನೆಯಿಂದ ಕಾಲೇಜಿನವರೆಗಿನ ಆ ದಾರಿಯಲ್ಲಿ ಮಾತ್ರ. ಮದುವೆಗೆ ಮುಂಚೆ ವಿಡಿಯೋ ಕರೆಯಲ್ಲಿ ಏನೇನು ಹೇಳಬಹುದಿತ್ತೋ ಅದೆಲ್ಲ ಹೇಳಿ ಮುಗಿದ ಮೇಲೆ ಉಳಿಯುವ ನಿಜವಾದ ಮಾತುಗಳನ್ನು ನಾವು ಆ ಕಾರಿನಲ್ಲಿ ಆಡಿದ್ದೇವೆ. ಅವರಿಗೆ ಬದನೆಕಾಯಿ ಸೇರುವುದಿಲ್ಲ ಎನ್ನುವುದು ನನಗೆ ತಿಳಿದದ್ದು ಅಲ್ಲಿ. ಅವರು ಇಲ್ಲಿಗೆ ಓದಲು ಬಂದ ಮೊದಲ ಚಳಿಗಾಲದಲ್ಲಿ ಒಬ್ಬರೇ ಕೂತು ಅತ್ತಿದ್ದರು ಎನ್ನುವುದು ತಿಳಿದದ್ದೂ ಅಲ್ಲೇ. ಹಿಮದ ದಿನ ನನ್ನ ಕಾಲೇಜು ಕಂಪ್ಯೂಟರಿನಲ್ಲೇ ಪಾಠ ನಡೆಸುತ್ತದೆ. ಆದರೂ ಅವರು ಹೊರಟರೆ ನಾನು ಪಕ್ಕದಲ್ಲಿ ಕೂತು ಆಫೀಸಿನವರೆಗೆ ಹೋಗಿ, ಅಲ್ಲಿನ ಕೆಫೆಯಲ್ಲಿ ಪಾಠ ಕೇಳಿ, ಸಂಜೆ ಜೊತೆಯಲ್ಲೇ ವಾಪಸಾಗಬಹುದಿತ್ತು. ಅದೇ ನಮ್ಮ ಯೋಜನೆಯಾಗಿತ್ತು. ಆ ಯೋಜನೆಗಾಗಿಯೇ ಸ್ನೋ ಟೈರ್ ಹಾಕಿಸಿದ್ದು.

ಟೈರುಗಳ ಕಥೆಯನ್ನೂ ಕೇಳಿ. ನಮ್ಮಲ್ಲಿ ಮದುವೆಯಾದ ಮೇಲಿನ ಮೊದಲ ದೀಪಾವಳಿಗೆ ಹೆಣ್ಣಿನ ತಂದೆ ಅಳಿಯನಿಗೆ ಉಡುಗೊರೆ ಕೊಡಬೇಕು. ಸಾಮಾನ್ಯವಾಗಿ ಉಂಗುರ, ಇಲ್ಲವೇ ವಾಚು. ಅಪ್ಪ ಫೋನಿನಲ್ಲಿ ಏನು ಬೇಕು ಎಂದು ಕೇಳಿ ಕೇಳಿ, ನವನೀತ್ ಏನೂ ಬೇಡ ಎಂದು ಹೇಳಿ ಹೇಳಿ, ಕೊನೆಗೆ ಬಹಳ ಸಂಕೋಚದಿಂದ, ಹಾಗೆ ಕೊಡಲೇಬೇಕೆಂದಿದ್ದರೆ ನಾಲ್ಕು ಸ್ನೋ ಟೈರ್ ಎಂದುಬಿಟ್ಟರು. ಆಮೇಲೆ ಅಪ್ಪ ನನ್ನನ್ನು ಕರೆದು ಮೆಲ್ಲಗೆ ಹೇಳಿದರು: "ಅಳಿಯಂದ್ರಿಗೆ ಮೊದಲ ದೀಪಾವಳೀಲಿ ರಬ್ಬರ್ ಕೊಟ್ಟೆ ಅಂತ ನೆಂಟರ ಹತ್ರ ಹೇಗಮ್ಮಾ ಹೇಳ್ಲಿ?" ನಾನು ಅವರಿಗೆ ನಿಮಗಿಂತ ಚೆನ್ನಾಗಿ ವಿವರಿಸಿದೆ. ಮಾಮೂಲಿ ಟೈರಿನ ರಬ್ಬರು ಚಳಿಗೆ ಗಟ್ಟಿಯಾಗುತ್ತದೆ, ಕಲ್ಲಿನ ಹಾಗೆ. ಸ್ನೋ ಟೈರಿನ ರಬ್ಬರು ಎಷ್ಟೇ ಚಳಿಯಲ್ಲೂ ಮೆತ್ತಗೇ ಇದ್ದು ನೆಲವನ್ನು ಹಿಡಿಯುತ್ತದೆ, ಅದರ ಮೈಮೇಲಿನ ಸಣ್ಣ ಸಣ್ಣ ಸೀಳುಗಳು ಹಿಮವನ್ನು ಕಚ್ಚುತ್ತವೆ ಎಂದೆ. ಅಪ್ಪನಿಗೆ ತಕ್ಷಣ ಅರ್ಥವಾಯಿತು. ಅವರು ಜೀವಮಾನದಲ್ಲಿ ಹಿಮ ನೋಡಿಲ್ಲ. ನೀವು ಹುಟ್ಟಿದ್ದೇ ಹಿಮದಲ್ಲಿ.

ಟೈರ್ ಹಾಕಿಸಿದ್ದು ಡಿಸೆಂಬರಿನಲ್ಲಿ. ಮಾರನೆಯ ಬೆಳಿಗ್ಗೆ, ಭಾನುವಾರ, ಪೂಜೆ. ಇದು ಅಪ್ಪನ ಷರತ್ತು. ರಬ್ಬರೇ ಆದರೂ ದೀಪಾವಳಿಯ ಉಡುಗೊರೆಯಲ್ಲವೇ, ಆರತಿಯಾಗದೆ ಚಕ್ರ ಉರುಳಕೂಡದು ಎಂದರು. ಆರತಿ ಎತ್ತಲು ಇಬ್ಬರು ಮುತ್ತೈದೆಯರು ಬೇಕು. ನಾನೊಬ್ಬಳು; ಇನ್ನೊಬ್ಬರನ್ನು ಎಲ್ಲಿಂದ ತರುವುದು? ಪಕ್ಕದ ಮನೆಯ ತಾರಿಣಿಯವರನ್ನು ಕರೆದೆವು. ಅವರು ಹುಬ್ಬಳ್ಳಿಯವರು, ನನಗಿಂತ ಐದಾರು ವರ್ಷ ದೊಡ್ಡವರು, ನವನೀತ್ ಕೆಲಸ ಮಾಡುವ ಆಫೀಸು ಕಟ್ಟಡದಲ್ಲೇ ಇನ್ನೊಂದು ಕಂಪನಿಯಲ್ಲಿದ್ದಾರೆ. ಅವರ ಗಂಡನ ಕೆಲಸ ಟೆಕ್ಸಾಸಿನಲ್ಲಿ. ರೇಷ್ಮೆ ಸೀರೆಯ ಮೇಲೆ ಮಂಡಿಯವರೆಗಿನ ಕೋಟು ಹಾಕಿಕೊಂಡು ಬಂದರು. ಚೆನ್ನಾಗಿ ಕಾಣುತ್ತಿದ್ದರು ಎನ್ನುವುದನ್ನೂ ದಾಖಲಿಸುತ್ತೇನೆ, ಏಕೆಂದರೆ ಇದು ನ್ಯಾಯವಾದ ಪತ್ರ. ಆರತಿಯ ಕೆಂಪು ನೀರಿಗೆ ಅರಿಶಿನದ ಜೊತೆ ಸುಣ್ಣ ಬೇಕು. ಸುಣ್ಣ ಮನೆಯಲ್ಲಿರಲಿಲ್ಲ. ಅಡುಗೆ ಸೋಡಾ ಹಾಕಿದರೂ ಕೆಂಪಾಗುತ್ತದೆ ಎನ್ನುವುದು ನನ್ನ ಶಾಲೆಯ ರಸಾಯನಶಾಸ್ತ್ರದ ಕೊಡುಗೆ. ಆರತಿ ಎತ್ತಿದೆವು, ಅಪ್ಪ ವಿಡಿಯೋದಲ್ಲಿ ಮಂತ್ರ ಹೇಳಿದರು. ಪದ್ಧತಿಯಂತೆ ಆ ಕೆಂಪು ನೀರನ್ನು ತಾರಿಣಿಯವರು ಕಾರಿನ ಮುಂದೆ, ಎರಡೂ ಚಕ್ರಗಳ ಎದುರಿಗೆ, ಧಾರಾಳವಾಗಿ ಸುರಿದರು. ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟೆವು. ಆಮೇಲೆ ಫೋಟೋ. ಗಂಡನ ಜೊತೆ, ಕಾರಿನ ಜೊತೆ, ಟೈರಿನ ಜೊತೆ, ಅಪ್ಪ ಕಾಣುವ ಫೋನಿನ ಜೊತೆ. ಮೈಸೂರಿನಲ್ಲಾದರೆ ಅಷ್ಟರಲ್ಲಿ ಆ ನೀರು ಇಂಗಿ, ಬಿಸಿಲಿಗೆ ಆರಿಹೋಗುತ್ತಿತ್ತು. ನ್ಯೂಜೆರ್ಸಿಯಲ್ಲಿ ಅದು ಕೆಂಪು ಕನ್ನಡಿಯಾಗಿ ಕೂತಿತ್ತು.

ಮುಂದಿನದು ನಿಮಗೆ ಗೊತ್ತು. ಕಾರು ಇಳಿಜಾರಿಗೆ ಮುಖ ಮಾಡಿ ನಿಂತಿತ್ತು. ನವನೀತ್ ಬ್ರೇಕಿನಿಂದ ಕಾಲು ತೆಗೆದರು. ನಾಲ್ಕೂ ನಿಂಬೆಹಣ್ಣು ಶಾಸ್ತ್ರೋಕ್ತವಾಗಿ ಅಪ್ಪಚ್ಚಿಯಾದವು. ಮುಂದಿನ ಚಕ್ರಗಳು ಕೆಂಪು ಐಸಿನ ಮೇಲೆ ಏರಿದವು, ಕಾರು ಮದುಮಗಳ ಹಾಗೆ ನಿಧಾನವಾಗಿ, ತಲೆ ತಗ್ಗಿಸಿ, ಪಕ್ಕಕ್ಕೆ ಜಾರಿ, 'ನಿಧಾನವಾಗಿ ಚಲಿಸಿ' ಎನ್ನುವ ನಿಮ್ಮ ಫಲಕದ ಕಂಬಕ್ಕೆ ತಾಗಿತು. ಕಂಬ ಬಾಗಿತು. ಕಾರಿಗೆ ಏನೂ ಆಗಲಿಲ್ಲ. ನೀವು ಕಚೇರಿಯಿಂದ ಓಡಿ ಬಂದು ನೆಲದ ಮೇಲೆ ಕೆಂಪು ನೋಡಿ ಬೆಚ್ಚಿಬಿದ್ದಿರಿ. ಅದು ರಕ್ತವಲ್ಲ, ಅರಿಶಿನ ಎಂದು ನಾನು ಅಲ್ಲೇ ನಿಂತು ವಿವರಿಸಿದೆ. ನೀರು ಸುರಿದದ್ದನ್ನೂ ಹೇಳಿದೆ, ಸಂಜೆ ಮೇಲ್ ಕೂಡ ಬರೆದೆ. ನೀವು ತಲೆ ಆಡಿಸಿ, ನಮ್ಮ ಕಾರಿನ ಮುಂದಿನ ಚಕ್ರಗಳನ್ನು ಬಹಳ ಹೊತ್ತು ನೋಡಿ, ಇದು ಫ್ರಂಟ್ ವೀಲ್ ಡ್ರೈವೇ ಎಂದು ಕೇಳಿದಿರಿ. ಹೌದು ಎಂದೆವು. ಆ ವಾರವೇ ನೋಟೀಸು ಬಂತು.

ಮಾನ್ಯರೇ, ಆ ಐಸಿನ ಮೇಲೆ ಆಲ್ ವೀಲ್ ಡ್ರೈವ್ ಕಾರೂ ಜಾರುತ್ತಿತ್ತು. ಲಾರಿಯೂ ಜಾರುತ್ತಿತ್ತು. ನೀವೇ ಕಾಲಿಟ್ಟಿದ್ದರೆ ನೀವೂ ಜಾರುತ್ತಿದ್ದಿರಿ, ಆಗ ಎರಡು ಕಾಲಿನವರಿಗೆ ಗುಡ್ಡದ ರಸ್ತೆ ನಿಷೇಧವಾಗುತ್ತಿತ್ತೇ? ತಪ್ಪು ಅಲ್ಲಿದ್ದದ್ದು ನೀರಿನದು. ಶಿಕ್ಷೆ ಆದದ್ದು ಚಕ್ರಕ್ಕೆ. ನಿಷೇಧವಾಗಬೇಕಾದದ್ದು ಚಳಿಗಾಲದಲ್ಲಿ ಆರತಿಯ ನೀರು ಸುರಿಯುವುದು. ಅದನ್ನು ನೀವು ನಿಷೇಧಿಸಿದ್ದರೆ ನಾನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ, ಒಂದು ಹಿಡಿ ಉಪ್ಪು ಬೆರೆಸಿ ಸುರಿಯುತ್ತಿದ್ದೆ.

ಕೆಳಗಿನ ಪಾರ್ಕಿಂಗಿಗೆ ನಡೆದು ಹೋಗಿ ಅಲ್ಲಿಂದ ಕಾರು ತೆಗೆಯಬಹುದಲ್ಲ ಎಂದು ನಿಮ್ಮ ಸಹಾಯಕರು ಸಲಹೆ ಕೊಟ್ಟರು. ಅವರು ಹಿಮದ ಬೆಳಿಗ್ಗೆ ಆ ಪಾರ್ಕಿಂಗನ್ನು ನೋಡಿದ್ದಾರೆಯೇ? ಗುಡ್ಡದ ಹಿಮವನ್ನೆಲ್ಲ ನಿಮ್ಮ ಪ್ಲೋ ಗಾಡಿ ತಳ್ಳಿಕೊಂಡು ಬಂದು ಸುರಿಯುವುದು ಆ ಕಾರುಗಳ ಮುಂದೆಯೇ. ನಾವು ನಮ್ಮ ಕಾರನ್ನು ಅಗೆದು ತೆಗೆಯುವಷ್ಟರಲ್ಲಿ ಆಫೀಸಿನಲ್ಲಿ ಬೆಳಗಿನ ಮೀಟಿಂಗ್ ಮುಗಿದು ಎರಡನೆಯ ಕಾಫಿ ಆಗಿರುತ್ತದೆ. ಆದ್ದರಿಂದ ಮೊದಲ ಹಿಮದ ದಿನ ತಾರಿಣಿಯವರು ಬಾಗಿಲು ತಟ್ಟಿ, ಹೇಗೂ ಒಂದೇ ಕಟ್ಟಡಕ್ಕೆ ಹೋಗುವುದು, ನವನೀತ್ ತಮ್ಮ ಕಾರಿನಲ್ಲಿ ಬರಲಿ ಎಂದಾಗ ಬೇಡ ಎನ್ನಲು ಯಾವ ಕಾರಣವೂ ಇರಲಿಲ್ಲ. ನಾನೂ ಹೋಗಬಹುದಿತ್ತು, ಆದರೆ ಹಿಂದಿನ ಸೀಟಿನಲ್ಲಿ ಅವರ ಗಂಡನ ಗಾಲ್ಫ್ ಸಾಮಾನು ತುಂಬಿತ್ತು. ಅವರು ಅದನ್ನು ಇಳಿಸುತ್ತೇನೆ ಎಂದರು. ನಾನು ಬೇಡ ಎಂದೆ. ಹಾಗೆಂದದ್ದು ಸೌಜನ್ಯಕ್ಕೆ, ಅವರು ಇನ್ನೊಂದು ಸಲ ಕೇಳಬೇಕಿತ್ತು.

ಅವರ ಕಾರನ್ನು ನೀವು ನೋಡಿದ್ದೀರಿ. ಎತ್ತರ, ಬಿಳಿ, ಮೇಲೆ ಗಾಜಿನ ಚಾವಣಿ. ಸೀಟು ಬಿಸಿ, ಸ್ಟೀರಿಂಗ್ ಬಿಸಿ, ಕನ್ನಡಿಯೂ ಬಿಸಿ. ನಮ್ಮ ಕಾರಿನಲ್ಲಿ ಬಿಸಿ ಇರುವುದು ನಾನು ತೊಡೆಯ ಮೇಲೆ ಇಟ್ಟುಕೊಂಡ ಫ್ಲಾಸ್ಕು ಮಾತ್ರ. ನವನೀತ್ ಮೊದಲ ದಿನ ಸ್ನೋ ಬೂಟು ಹಾಕಿಕೊಂಡು ಹೋದರು. ಎರಡನೆಯ ಸಲದಿಂದ ತೆಳ್ಳಗಿನ ಆಫೀಸ್ ಶೂ. ಯಾಕೆ ಎಂದರೆ, "ತಾರಿಣಿ ಕಾರು ಬಾಗಿಲ ಹತ್ರಾನೇ ಬರುತ್ತಲ್ಲ, ಒಳಗೆ ಬೆಚ್ಚಗಿರುತ್ತೆ" ಎಂದರು. ಬೆಚ್ಚಗಿರುತ್ತೆ. ಆ ಒಂದು ಪದವನ್ನು ನಾನು ಆ ಇಡೀ ದಿನ ಪಾತ್ರೆ ತಿಕ್ಕುತ್ತ ತಿರುಗಿಸಿ ಮುರುಗಿಸಿ ನೋಡಿದೆ. ಇನ್ನೊಂದು ದಿನ ಅವರ ಕಾರು ಹೊರಟು ಬಾಗಿದ ಕಂಬದವರೆಗೆ ಹೋಗಿರಬಹುದು, ಒಳಗಿಂದ ಇಬ್ಬರೂ ನಗುವುದು ಕಿಟಕಿಯ ಗಾಜಿನಾಚೆಯಿಂದ ಕಂಡಿತು. ಕೇಳಲಿಲ್ಲ, ಕಂಡಿತು. ಕೇಳಿದ್ದರೆ ಯಾವ ಮಾತಿಗೆ ನಕ್ಕರು ಎಂದಾದರೂ ತಿಳಿಯುತ್ತಿತ್ತು. ಹೌದು, ಇದಕ್ಕೆ ಹೊಟ್ಟೆಕಿಚ್ಚು ಎನ್ನುತ್ತಾರೆ. ನಾನೇನು ಇಲ್ಲ ಎಂದೆನೇ? ನನಗೆ ಆ ಗಾಜಿನ ಚಾವಣಿಯ ಮೇಲೆ ಹೊಟ್ಟೆಕಿಚ್ಚು, ಆ ಸೀಟಿನ ಮೇಲೆ ಹೊಟ್ಟೆಕಿಚ್ಚು, ಕೆಳಗಿನ ಬ್ಲಾಕಿನಲ್ಲಿದ್ದು ಗುಡ್ಡದ ಗೊಡವೆಯೇ ಇಲ್ಲದೆ ಜೊತೆಯಲ್ಲಿ ಹೊರಡುವ ಗಂಡ ಹೆಂಡಿರ ಮೇಲೆಲ್ಲ ಹೊಟ್ಟೆಕಿಚ್ಚು. ಹವಾಮಾನ ವರದಿಯವರು ನಾಳೆ ಹಿಮ ಎಂದು ನಗುನಗುತ್ತ ಹೇಳಿದರೆ ಅವರ ಮೇಲೂ. ನಿಮ್ಮ ಒಂದು ಹಾಳೆಯ ನೋಟೀಸಿನಿಂದ ಇಷ್ಟೆಲ್ಲ ಹುಟ್ಟಿತು. ಸುರಕ್ಷತೆಯ ಲೆಕ್ಕ ಹಾಕುವಾಗ ನೀವು ಇದನ್ನೂ ಸೇರಿಸಬೇಕಿತ್ತು.

ಹೊಟ್ಟೆಕಿಚ್ಚಿನಿಂದ ಒಂದು ಒಳ್ಳೆಯದಾಯಿತು, ನಾನು ಡ್ರೈವಿಂಗ್ ಕಲಿತೆ. ಲೈಸೆನ್ಸು ಜನವರಿಯಲ್ಲಿ ಬಂತು. ಹಿಮದಲ್ಲಿ ಓಡಿಸುವುದನ್ನು ನವನೀತ್ ಅವರೇ ಭಾನುವಾರಗಳಂದು ಮುಚ್ಚಿದ ಅಂಗಡಿಯೊಂದರ ಖಾಲಿ ಪಾರ್ಕಿಂಗಿನಲ್ಲಿ ಹೇಳಿಕೊಟ್ಟರು. ಬ್ರೇಕನ್ನು ಬೇಗ ಒತ್ತು, ಮೆತ್ತಗೆ ಒತ್ತು. ಮುಂದಿನ ಕಾರಿನಿಂದ ಬಹಳ ದೂರ ಇರು. ತಿರುವಿಗೆ ಬರುವ ಮೊದಲೇ ವೇಗ ಇಳಿಸು, ತಿರುವಿನೊಳಗೆ ಏನೂ ಮಾಡಬೇಡ. ಜಾರಿದರೆ ಗಾಬರಿಯಾಗಿ ಗೋಡೆ ನೋಡಬೇಡ, ಹೋಗಬೇಕಾದ ಕಡೆಗೆ ನೋಡು. ಮುಂದಿನ ಚಕ್ರಗಳೇ ಎಳೆಯುವ ಕಾರು, ನೀನು ನೋಡಿದ ಕಡೆಗೆ ಅದು ಎಳೆದುಕೊಂಡು ಹೋಗುತ್ತದೆ. ಪಾಠ ಚೆನ್ನಾಗಿತ್ತು, ಗುರುಗಳಿಗೆ ಮಾತ್ರ ಶಿಷ್ಯೆಯ ಮೇಲೆ ನಂಬಿಕೆ ಇರಲಿಲ್ಲ. ನಾನು ಓಡಿಸುವಷ್ಟು ಹೊತ್ತೂ ಅವರ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು, ಎಡಗೈ ನನ್ನ ಸ್ಟೀರಿಂಗಿನ ಹತ್ತಿರವೇ ಇರುತ್ತಿತ್ತು. ರಸ್ತೆಯ ಮೇಲೆ, ಹಿಮದಲ್ಲಿ, ನನ್ನನ್ನು ಒಮ್ಮೆಯೂ ಬಿಡಲಿಲ್ಲ.

ಈಗ ಫೆಬ್ರವರಿಯ ಕೊನೆಯ ದೊಡ್ಡ ಹಿಮದ ಬೆಳಗಿಗೆ ಬರೋಣ. ಅಂದು ನಾನು ಬೇಗ ಎದ್ದು, ಸಲಿಕೆ ತೆಗೆದುಕೊಂಡು, ಯಾರಿಗೂ ಹೇಳದೆ ಕೆಳಗಿನ ಪಾರ್ಕಿಂಗಿಗೆ ಇಳಿದೆ. ತಾರಿಣಿಯವರ ಕಾರು ಗುಡ್ಡ ಇಳಿಯುವ ಮೊದಲೇ ನಮ್ಮ ಕಾರನ್ನು ಬಿಡಿಸಿ, ರಸ್ತೆಗೆ ಅಡ್ಡ ನಿಲ್ಲಿಸಿ, ಗಂಡನನ್ನು ಇಳಿಸಿಕೊಳ್ಳುವುದು ನನ್ನ ಉದ್ದೇಶ. ಅಗೆದೆ. ಬೆವರು ಬಂತು, ಕೋಟು ಬಿಚ್ಚಿದೆ, ಮತ್ತೆ ಅಗೆದೆ. ಕೊನೆಯ ಸಲಿಕೆ ಎತ್ತುವಾಗ ಮೇಲಿಂದ ಆ ಬಿಳಿ ಕಾರು ಬರುವುದು ಕಾಣಿಸಿತು. ಏರುವುದರಲ್ಲಿ, ಹೊರಡುವುದರಲ್ಲಿ ಅದರ ನಾಲ್ಕು ಚಕ್ರದ ಶಕ್ತಿಯನ್ನು ನಾನು ಎಂದೂ ಪ್ರಶ್ನಿಸಿಲ್ಲ. ಆದರೆ ಇಳಿಜಾರಿನಲ್ಲಿ ಎಂಜಿನ್ನು ಎಷ್ಟು ಚಕ್ರ ತಿರುಗಿಸುತ್ತದೆ ಎನ್ನುವುದು ಯಾರಿಗೆ ಬೇಕು? ಅಲ್ಲಿ ಬೇಕಾದದ್ದು ನಿಲ್ಲುವುದು. ಕಾರನ್ನು ನಿಲ್ಲಿಸುವುದು ನೆಲಕ್ಕೆ ಅಂಟಿದ ರಬ್ಬರು, ಅವರ ಕಾರಿನ ರಬ್ಬರು ವರ್ಷವಿಡೀ ಓಡುವ ಮಾಮೂಲಿ ರಬ್ಬರು, ಅದೂ ಸವೆದದ್ದು. ಬುಡದ ತಿರುವಿನಲ್ಲಿ ಕಾರಿನ ಹಿಂದಿನ ಹಿಮ ಬ್ರೇಕ್ ದೀಪಕ್ಕೆ ಕೆಂಪಾದದ್ದು, ಮುಂದಿನ ಚಕ್ರಗಳು ಎಡಕ್ಕೆ ತಿರುಗಿದ್ದು, ಕಾರು ಮಾತ್ರ ತಿರುಗದೆ ನೇರ ಬಂದದ್ದು, ಎಲ್ಲ ನನ್ನ ಕಣ್ಣೆದುರಿಗೇ ಆಯಿತು. ನಿಮ್ಮ ಪ್ಲೋ ಕಟ್ಟಿದ ಹಿಮದ ದಿಬ್ಬದೊಳಕ್ಕೆ ಅದು ಸದ್ದಿಲ್ಲದೆ ಹೊಕ್ಕಿತು, ಮೊಸರಿಗೆ ಸೌಟು ಇಳಿದ ಹಾಗೆ. ಆ ಕ್ಷಣದಲ್ಲಿ ನನಗೆ ಗೆದ್ದ ಸಂತೋಷವಾಗಬೇಕಿತ್ತು, ಆಗಲಿಲ್ಲ. ಸಲಿಕೆ ಎಸೆದು ಓಡಿದೆ, ಎರಡು ಸಲ ಬಿದ್ದೆ.

ಯಾರಿಗೂ ಏನೂ ಆಗಿರಲಿಲ್ಲ. ತಾರಿಣಿಯವರು ಇನ್ನೂ ಸ್ಟೀರಿಂಗ್ ಹಿಡಿದೇ ಕೂತಿದ್ದರು. "ಬ್ರೇಕ್ ಹಿಡದೆ ರೀ ಗಗನಾ. ಪೂರಾ ಹಿಡದೆ. ನಿಲ್ಲಲೇ ಇಲ್ಲ" ಎಂದರು, ಯಾರೋ ನಂಬಿಸಿ ಕೈಕೊಟ್ಟ ಹಾಗೆ. ನವನೀತ್ ತಮ್ಮ ಕಡೆಯ ಬಾಗಿಲು ತೆರೆದು ನನ್ನನ್ನು ಕಂಡ ಸಂಭ್ರಮಕ್ಕೆ ಹೊರಗೆ ಜಿಗಿದರು, ತೊಡೆಯವರೆಗೆ ಹಿಮದಲ್ಲಿ ಇಳಿದರು, ಮೇಲೆ ಬರುವಾಗ ಬಲಗಾಲಿನ ಆಫೀಸ್ ಶೂ ಒಳಗೇ ಉಳಿಯಿತು. ಎಷ್ಟು ಕೆದಕಿದರೂ ಸಿಗಲಿಲ್ಲ. ಅದು ಈಗಲೂ ನಿಮ್ಮ ದಿಬ್ಬದಲ್ಲೇ ಇರಬೇಕು. ಹಿಮ ಕರಗಿದಾಗ ಸಿಕ್ಕರೆ ಕಪ್ಪು ಬಣ್ಣದ್ದು, ನಮ್ಮದು. ಒದ್ದೆ ಕಾಲುಚೀಲದಲ್ಲಿ ಕಾರು ಓಡಿಸಲಾಗದು. ಆಫೀಸಿನ ಮೇಜಿನಡಿ ಅವರದೊಂದು ಜೊತೆ ಚಪ್ಪಲಿ ಇದೆ, ಅಲ್ಲಿಗೆ ಮುಟ್ಟಿದರೆ ಸಾಕು. ತಾರಿಣಿಯವರಿಗೆ ಅಂದು ತಪ್ಪಿಸಲಾಗದ ಮೀಟಿಂಗ್. ಇಬ್ಬರೂ ನಮ್ಮ ಪುಟ್ಟ ಕಾರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನವನೀತ್ ಒಂಟಿ ಕಾಲಲ್ಲಿ ನಿಂತು, "ನೀನು ಓಡಿಸ್ತೀಯಾ?" ಎಂದರು. ಪ್ರಶ್ನೆಯ ಕೊನೆಯಲ್ಲಿ ಇನ್ನೂ ಇಲ್ಲದ ಬ್ರೇಕು ಒತ್ತುತ್ತಿದ್ದರು.

ಇನ್ನೊಂದು ಅನ್ಯಾಯ ಬಾಕಿ ಇತ್ತು. ತಾರಿಣಿಯವರು ಮುಂದಿನ ಬಾಗಿಲಿಗೆ ಕೈ ಹಾಕಿ, "ಹಿಂದ ಕೂತ್ರ ನನಗ ತಲಿ ತಿರಗ್ತದ. ಮುಂದ ಕೂಡ್ಲೇನು?" ಎಂದರು. ನನ್ನ ಸೀಟು, ಮಾನ್ಯರೇ. ಮೊದಲು ಗಾಜು ಕೆರೆಯಲ್ಪಡುವ ಸೀಟು. ಕೂಡಿ ಎಂದೆ. ಬೇರೇನು ಹೇಳಲಿ? ನವನೀತ್ ನನ್ನ ಶಾಲಿನಲ್ಲಿ ಬಲಗಾಲು ಸುತ್ತಿಕೊಂಡು ಹಿಂದೆ ಕೂತರು.

ಮೆತ್ತಗೆ ಹೊರಟೆ. ಚಕ್ರ ಸುತ್ತಲಿಲ್ಲ, ಜಾರಲಿಲ್ಲ. ಅಪ್ಪನ ರಬ್ಬರು ಹಿಮವನ್ನು ಕಚ್ಚಿ ಹಿಡಿದು ಎಳೆಯುವುದು ನನ್ನ ಅಂಗೈಗೇ ತಿಳಿಯುತ್ತಿತ್ತು. ಹೆದ್ದಾರಿಗೆ ಇಳಿಯುವ ಮುಂಚಿನ ಇಳಿಜಾರಿನಲ್ಲಿ ಸಿಗ್ನಲ್ ಕೆಂಪಾಯಿತು. ತಾರಿಣಿಯವರು ತಮ್ಮ ಎದುರಿನ ಡ್ಯಾಶ್‌ಬೋರ್ಡನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಬೇಗ ಒತ್ತಿದೆ, ಮೆತ್ತಗೆ ಒತ್ತಿದೆ. ಕಾರು ಗೆರೆಯ ಹಿಂದೆ ನಿಂತಿತು. ಅವರು ಕೈ ಬಿಟ್ಟು ಒಮ್ಮೆ ಗೆರೆಯನ್ನು, ಒಮ್ಮೆ ನನ್ನನ್ನು ನೋಡಿದರು.

ಆಗ ಧೈರ್ಯ ಬಂದು ಕೇಳಿಯೇಬಿಟ್ಟೆ, ಹಿಮದ ದಿನಗಳಲ್ಲಿ ಈ ದಾರಿಯಲ್ಲಿ ಅಷ್ಟೊಂದು ಏನು ಮಾತಾಡುತ್ತೀರಿ ಎಂದು.

"ಮಾತೇನ್ ಬಂತ್ರೀ? ಆ ಬಾಗಿದ ಕಂಬಾ ಕಂಡ ಕೂಡ್ಲೇ ನಿಮ್ಮ ಪೂಜಾ ನೆನಪಾಗಿ ಇಬ್ರೂ ನಗ್ತೀವಿ. ಹೈವೇ ಮುಟ್ಟೂದ್ರಾಗ ನಿಮ್ಮ ಯಜಮಾನ್ರು ಗೊರಕಿ ಹೊಡೀಲಿಕ್ಕೆ ಶುರು. ನಾ ಒಬ್ಬಾಕೀನ ರೇಡಿಯೋ ಕೇಳ್ಕೋತ ಹೋಗ್ತೀನಿ."

ಓದುಗರು ನನಗೆ ಸಮಾಧಾನವಾಯಿತು ಎಂದುಕೊಂಡರೆ ತಪ್ಪು. ನನ್ನ ಪಕ್ಕದಲ್ಲಿ ಕೂತು ಒಂದು ದಿನವೂ ಕಣ್ಣು ಮುಚ್ಚದವರು ಅವರ ಪಕ್ಕದಲ್ಲಿ ಗೊರಕೆ ಹೊಡೆಯುತ್ತಾರೆಯೇ? ಅಂದರೆ ಅಷ್ಟು ನಂಬಿಕೆಯೇ? ನಗು, ಮಾತು, ಬಿಸಿ ಸೀಟು ಎಲ್ಲವನ್ನೂ ಬಿಟ್ಟುಕೊಡಬಲ್ಲೆ, ಆ ನಿದ್ದೆಯನ್ನು ಹೇಗೆ ಬಿಟ್ಟುಕೊಡಲಿ? ನನ್ನ ಮುಖ ನೋಡಿಯೋ ಏನೋ, ತಾರಿಣಿಯವರು ಕಿಟಕಿಯಾಚೆ ನೋಡುತ್ತ, "ನೀವು ಯಾವ ಸೀಟು ಯಾರಿಗೆ ಅಂತ ಮುಖಾ ಸಣ್ಣ ಮಾಡ್ತೀರಿ. ನಮ್ಮನಿಯವ್ರು ತಿಂಗಳಿಗೊಮ್ಮೆ ವಿಮಾನದಾಗ ಬರ್ತಾರ. ಅದಕ್ಕ ಯಾವ ಟೈರ್ ಹಾಕ್ಬೇಕೋ ನನಗ ತಿಳೀವಲ್ದು" ಎಂದರು. ಫ್ಲಾಸ್ಕಿನ ಕಾಫಿಯನ್ನು ಅವರಿಗೆ ಕೊಟ್ಟೆ. ನವನೀತ್ ಅವರಿಗೆಂದು ತಂದದ್ದು.

ಈಗ ವಿಷಯಕ್ಕೆ. ನಿಮ್ಮ ಅನುಮತಿ ಪಡೆದ ಕಾರು ನಿಮ್ಮ ದಿಬ್ಬಕ್ಕೆ ಹೊಕ್ಕು, ಎಳೆಯುವ ಗಾಡಿ ಬಂದು ಅದನ್ನು ಎತ್ತಿಕೊಂಡು ಹೋಗಿ ವಾರಗಳಾದವು. ಲಾಂಡ್ರಿ ಬಾಗಿಲಿನಲ್ಲಿ ಹೊಸ ನೋಟೀಸು ಕಾಣಲಿಲ್ಲ. ನಮ್ಮ ಕಾರು ಜಾರಿದಾಗ ಅದು ಕಾರಿನ ಜಾತಿಯ ದೋಷವಾಯಿತು, ಅವರದು ಜಾರಿದಾಗ ಹವಾಮಾನದ ದೋಷವಾಯಿತೇ? ಮುಂದಿನ ಚಳಿಗಾಲಕ್ಕೆ ಮೊದಲು ಆ ನೋಟೀಸಿನಲ್ಲಿ ಒಂದೇ ಸಾಲು ಬದಲಿಸಿ: ಎಂಜಿನ್ನು ಎಷ್ಟು ಚಕ್ರ ತಿರುಗಿಸುತ್ತದೆ ಎಂದು ಕೇಳಬೇಡಿ, ನಾಲ್ಕೂ ಚಕ್ರಕ್ಕೆ ಸ್ನೋ ಟೈರ್ ಇದೆಯೇ ಎಂದು ಕೇಳಿ. ಇದ್ದವರು ಗುಡ್ಡ ಹತ್ತಲಿ, ಇಳಿಯಲಿ. ಜೊತೆಗೆ, ಪ್ಲೋ ಗಾಡಿಯವರಿಗೆ ಹಿಮವನ್ನು ಕಾರಿಲ್ಲದ ಕಡೆ ಸುರಿಯಲು ಹೇಳಿ. ಬಾಗಿದ ಕಂಬವನ್ನು ಹಾಗೆಯೇ ಬಿಟ್ಟರೂ ನನ್ನ ಅಭ್ಯಂತರವಿಲ್ಲ, ಅದನ್ನು ನೋಡಿ ನಗುವವರಿದ್ದಾರೆ.

ಈ ಬೇಡಿಕೆಯಿಂದ ನನಗಾಗುವ ನಷ್ಟ ನನಗೆ ಗೊತ್ತು. ಹೊಸ ನಿಯಮ ಬಂದರೆ ತಾರಿಣಿಯವರ ಕಾರು ಕೆಳಗೆ ಉಳಿಯುತ್ತದೆ. ಟೈರ್ ಹಾಕಿಸಿ ಎಂದು ಹೇಳಿದೆ; ಯಾರೋ ಒಬ್ಬರು ಕರೆದುಕೊಂಡು ಹೋಗುತ್ತಿರುವಾಗ ಯಾಕೆ ಎಂದರು. ಯಾರೋ ಒಬ್ಬರು ಅಂದರೆ ನಾನು. ಅವರಿಗೆ ಹಿಂದೆ ಕೂತರೆ ತಲೆ ತಿರುಗುತ್ತದೆ, ಮುಂದಿನ ಸೀಟು ಹೋಯಿತು. ಆದರೂ ಕೇಳುತ್ತಿದ್ದೇನೆ. ಏಕೆಂದರೆ ಆ ಬೆಳಿಗ್ಗೆ ಸಿಗ್ನಲ್ ದಾಟಿ ಹೆದ್ದಾರಿಗೆ ಸೇರುವಾಗ ಹಿಂದಿನಿಂದ ಏನೋ ಸದ್ದು ಕೇಳಿ ಗಾಬರಿಯಾಗಿ ಕನ್ನಡಿಯಲ್ಲಿ ನೋಡಿದೆ. ಹೊರಗೆ ಹಿಮ ಸುರಿಯುತ್ತಿತ್ತು, ಪಕ್ಕದಲ್ಲಿ ಲಾರಿಗಳು ಹೋಗುತ್ತಿದ್ದವು, ಸ್ಟೀರಿಂಗ್ ಹಿಡಿದವಳು ನಾನು. ನವನೀತ್ ಕಾಲಿಗೆ ಶಾಲು ಸುತ್ತಿಕೊಂಡು, ಬಾಯಿ ಅರ್ಧ ತೆರೆದು, ಗೊರಕೆ ಹೊಡೆಯುತ್ತಿದ್ದರು. ಬಲಗಾಲು ಏನನ್ನೂ ಒತ್ತುತ್ತಿರಲಿಲ್ಲ. ನಿಮ್ಮ ಕಚೇರಿಗೆ ಇದಕ್ಕಿಂತ ದೊಡ್ಡ ಸುರಕ್ಷತಾ ಪ್ರಮಾಣಪತ್ರ ಬೇಕೇ? ಮುಂದಿನ ಸೀಟನ್ನು ತಾರಿಣಿಯವರೇ ಇಟ್ಟುಕೊಳ್ಳಲಿ. ಆ ಕನ್ನಡಿ ಕಾಣುವುದು ಓಡಿಸುವವಳಿಗೆ ಮಾತ್ರ.

ಇಂತಿ,
ಒಂದು ಕಾಲಿನ ಕಪ್ಪು ಶೂ ಹಿಂತಿರುಗುವುದನ್ನು ಕಾಯುತ್ತಿರುವ,
ಕೆಳಗಿನ ಪಾರ್ಕಿಂಗಿನ ಸಲಿಕೆಯವಳು
ಗಗನಾ